ತಾಮ್ರ ಬಳಿದ ತಳ

ಆ ಕಟ್ಟಡದಲ್ಲಿ ಎಲ್ಲರೂ ಆಕೆಯನ್ನು ತಂಪಕ್ಕ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳು ಒಂದರ ಬೆನ್ನಿಗೊಂದು ಆತುಕೊಂಡು ನಿಂತಿದ್ದ ಹಳೆಯ ಕಟ್ಟಡ ಅದು. ಎರಡನೇ ಮಹಡಿಯಲ್ಲಿ ಮೆಟ್ಟಿಲು ಮುಗಿಯುವ ಕಡೆ, ಎರಡು ಆಳು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಗೂಡಿನಲ್ಲಿ ಆಕೆಯ ಅಂಗಡಿ. ಬಾಗಿಲಿಗೆ ಅಡ್ಡಲಾಗಿ ಮೇಜು, ಮೇಜಿನ ಮೇಲೆ ರಬ್ಬರ್ ಹಾಸು, ಹಾಸಿನ ಮೇಲೆ ಸದಾ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಒಂದು ಗ್ರಾಫಿಕ್ಸ್ ಕಾರ್ಡು.

ಕಂಪ್ಯೂಟರಿನೊಳಗೆ ಹೆಚ್ಚು ದುಡಿಯುವುದು ಈ ಕಾರ್ಡು. ದುಡಿದಂತೆ ಹೆಂಚಿನ ಹಾಗೆ ಕಾಯುವುದೂ ಇದೇ. ಕಾರ್ಖಾನೆಯವರು ಕೂರಿಸಿ ಕಳಿಸಿದ ಪುಟ್ಟ ಫ್ಯಾನುಗಳು ಆ ಬಿಸಿಗೆ ಸಾಲದೆ ಕಿರುಚಿಕೊಳ್ಳುತ್ತವೆ. ತಂಪಕ್ಕ ಅವನ್ನು ಬಿಚ್ಚಿ ತೆಗೆದು, ತಾಮ್ರದ ತಳ ಮತ್ತು ಒತ್ತೊತ್ತಾಗಿ ಲೋಹದ ರೆಕ್ಕೆಗಳಿದ್ದ ದೊಡ್ಡ ಕೂಲರ್ ಕೂರಿಸಿ, ನಿಧಾನಕ್ಕೆ ತಿರುಗುವ ಅಗಲವಾದ ಫ್ಯಾನು ಕಟ್ಟುತ್ತಿದ್ದಳು. ಕಾರ್ಡಿಗಿಂತ ಕೂಲರೇ ತೂಕ. "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಕ್ಕಾ" ಎಂದು ಗಿರಾಕಿಗಳು ನಕ್ಕರೆ, "ಮೂಗು ಉಳೀಬೇಕಲ್ಲಪ್ಪ, ಹೊತ್ಕೊಳ್ಳಿ" ಎನ್ನುವಳು. ಆಕೆಯ ತಂದೆ ಫ್ರಿಜ್ ರಿಪೇರಿ ಮಾಡುತ್ತಿದ್ದರು. "ಬಿಸಿನ ಕೊಲ್ಲೋಕಾಗಲ್ಲ ಮಗಳೇ, ಬೇರೆ ಕಡೆ ಸಾಗಹಾಕಬಹುದು ಅಷ್ಟೆ" ಎಂದು ಅವರು ಹೇಳಿದ್ದನ್ನೇ ಬಂಡವಾಳ ಮಾಡಿಕೊಂಡು ಆಕೆ ಈ ಕಸುಬಿಗೆ ಇಳಿದಿದ್ದಳು. ಗಂಡ ಬೇಕರಿಯೊಂದರ ಬ್ರೆಡ್ ವ್ಯಾನ್ ಓಡಿಸುತ್ತಿದ್ದ. ಅಂಗಡಿಗೆ ಸಾಮಾನು ತರುವುದು, ಫೋನು ನೋಡಿಕೊಳ್ಳುವುದು, ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕುವುದು ಇವೆಲ್ಲ ಮೈದುನನ ಪಾಲು. ಅಂಗಡಿ ಇದ್ದದ್ದೂ ಅವನ ಹೆಸರಿನಲ್ಲೇ.

ಒಂದು ದಿನ ವಯಸ್ಸಾದ ದಂಪತಿ ಮೆಟ್ಟಿಲು ಹತ್ತಿ ಬಂದರು. ಮುಂದೆ ಹೆಂಗಸು, ಆಕೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಗಂಡಸು. ಹಿಂದೆ ಆಟೋದವನು ಹಳೆಯ ಚಾದರದಲ್ಲಿ ಸುತ್ತಿದ ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡಿದ್ದ. ಹೆಂಗಸಿನ ಕುತ್ತಿಗೆಗೆ ತೆಳುವಾದ ಬಟ್ಟೆ ಕಟ್ಟಿತ್ತು. ಮಾತಾಡಿದ್ದು ಗಂಡಸು.

"ಇವಳು ನಮ್ಮ ರೈಲ್ವೆ ಸ್ಟೇಷನ್ನಲ್ಲಿ ಅನೌನ್ಸರ್ ಆಗಿದ್ಲು ತಾಯಿ. ಅವಳ ದನಿ ಕೇಳದೆ ಈ ಊರಲ್ಲಿ ಯಾರೂ ರೈಲು ಹತ್ತಿಲ್ಲ. ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೇನೇ ತೆಗೆದುಬಿಟ್ರು."

ಅವರು ಅದೇ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಲಸದಲ್ಲಿದ್ದವರು. ನಿವೃತ್ತಿಯಾಗುವ ಹೊತ್ತಿಗೆ ಕಣ್ಣು ಮಂಜಾಗಿ, ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. "ಜೀವಮಾನವೆಲ್ಲ ಕೆಂಪು ಹಸಿರು ನೋಡಿದೆ. ಸಾಕು ಅಂತ ಕಣ್ಣೇ ರಾಜೀನಾಮೆ ಕೊಡ್ತು" ಎಂದು ತಾವೇ ನಕ್ಕರು. ಅವರ ಸಂಸಾರದ ಕಷ್ಟ ಅಲ್ಲೇ ಇತ್ತು. ಹೆಂಡತಿ ಮಾತಾಡುವಂತಿಲ್ಲ, ಬರೆದು ತೋರಿಸಿದರೆ ಗಂಡ ಓದುವಂತಿಲ್ಲ. ಆಕೆಯ ಅಣ್ಣನ ಮಗ ಕಂಪ್ಯೂಟರ್ ಬಲ್ಲವನು. ಸ್ಟೇಷನ್ನಿನ ಹಳೆಯ ರೆಕಾರ್ಡುಗಳನ್ನೆಲ್ಲ ಹುಡುಕಿ ತಂದು, ಯಂತ್ರಕ್ಕೆ ಅತ್ತೆಯ ದನಿ ಕಲಿಸಿಕೊಟ್ಟು ತನ್ನ ಊರಿಗೆ ಹೋಗಿದ್ದ. ಆಕೆ ಕೀಲಿಗಳನ್ನು ಒತ್ತಿದರೆ ಯಂತ್ರ ಆಕೆಯ ದನಿಯಲ್ಲೇ ಮಾತಾಡುತ್ತಿತ್ತು. ಆದರೆ ಆ ದನಿ ಕಟ್ಟುವುದಕ್ಕೆ ಕಾರ್ಡು ಕೆಂಡವಾಗುತ್ತಿತ್ತು, ಫ್ಯಾನುಗಳು ಊಳಿಡುತ್ತಿದ್ದವು.

"ಹೆಂಡತಿ ಮಾತಾಡ್ತಾಳೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಓಡ್ತದೆ. ಏನು ಕೇಳಲಿ ತಾಯಿ?" ಎಂದರು ಯಜಮಾನರು.

ತಂಪಕ್ಕ ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಹಾಕಿದಳು. ಮೈದುನ ಆಗಷ್ಟೇ ಹೊಸಬನೊಬ್ಬನಿಂದ ತರಿಸಿದ್ದ ಕೂಲರು, ಕೆಂಪಗೆ ಮಿರುಗುವ ತಾಮ್ರದ ತಳ. ಕಾರ್ಡಿನ ಮಿದುಳಾದ ಚಿಪ್ಪಿಗೂ ಕೂಲರಿನ ತಳಕ್ಕೂ ನಡುವೆ ಮಾಮೂಲಿ ಬಿಳಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಸವರಿದಳು. ಅದು ನೀರಿನ ಹಾಗೆ ಹರಿಯುವ ಲೋಹ. ಬಿಸಿಯನ್ನು ಸಾಗಿಸುವುದರಲ್ಲಿ ಪೇಸ್ಟಿಗಿಂತ ಎಷ್ಟೋ ಮೇಲು. ಅದು ತಾಮ್ರಕ್ಕೆ ಮಿತ್ರ, ಅಲ್ಯೂಮಿನಿಯಂಗೆ ಯಮ. ತಾಕಿದರೆ ಒಳಗಿಳಿದು ಗೆದ್ದಲಿನಂತೆ ತಿಂದುಹಾಕುತ್ತದೆ. ಅದಕ್ಕೇ ಪ್ರತಿ ತಳವನ್ನೂ ಮೂಲೆಯಲ್ಲಿ ಅರದಿಂದ ಉಜ್ಜಿ, ಒಳಗೂ ತಾಮ್ರವೇ ಎಂದು ನೋಡಿಕೊಳ್ಳುವುದು ಆಕೆಯ ರೂಢಿ. ಈ ಸಲದ ಸರಕಿನ ಹೊಳಪು ನೋಡಿ ಉಜ್ಜಲು ಮನಸ್ಸು ಬರಲಿಲ್ಲ. ಮೈದುನನೂ "ಅಪ್ಪಟ ತಾಮ್ರ ಅತ್ತಿಗೆ, ಗೆರೆ ಬಿದ್ರೆ ಗಿರಾಕಿ ಹಳೇದು ಅಂತಾರೆ" ಎಂದಿದ್ದ.

ಯಂತ್ರ ಚಾಲೂ ಆಯಿತು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸದ್ದಿಲ್ಲ. ಊರವರೆಲ್ಲ ಸ್ಟೇಷನ್ ಅಮ್ಮ ಎನ್ನುತ್ತಿದ್ದ ಆ ಹೆಂಗಸು ಕೀಲಿ ಒತ್ತಿದರು. ಇಡೀ ಮಹಡಿಗೆ ಕೇಳುವಂತೆ ಆ ದನಿ ಎದ್ದಿತು: "ಪ್ರಯಾಣಿಕರ ಗಮನಕ್ಕೆ. ನನ್ನ ಯಜಮಾನರು ಬೆಳಗಿನಿಂದ ಕಾಫಿ ಕುಡಿದಿಲ್ಲ. ಅವರ ಗೊಣಗಾಟ ಇನ್ನು ಕೆಲವೇ ನಿಮಿಷಗಳಲ್ಲಿ ಒಂದನೇ ಪ್ಲಾಟ್‌ಫಾರಮ್ಮಿಗೆ ಬರಲಿದೆ." ಮೆಟ್ಟಿಲ ಮೇಲೆ ನಿಂತಿದ್ದವನೊಬ್ಬ ಗಾಬರಿಯಿಂದ ತನ್ನ ಚೀಲ ಎತ್ತಿಕೊಂಡ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಪಕ್ಕನಿಗೆ ಮಾತ್ರ ಕಣ್ಣು ತುಂಬಿ ಬಂತು.

ಅದಾಗಿ ಕೆಲವು ವಾರ ಕಳೆದಿರಬಹುದು. ಅದೇ ಸರಕಿನ ಕೂಲರು, ಅದೇ ಲೋಹ ಹಾಕಿಸಿಕೊಂಡಿದ್ದ ಹಲವರಲ್ಲಿ ಒಬ್ಬರು, ಕಟ್ಟಡಗಳ ನಕ್ಷೆ ಮಾಡುವ ಇಂಜಿನಿಯರು, ಸತ್ತ ಕಾರ್ಡು ತಂದು ಮೇಜಿನ ಮೇಲೆ ಕುಕ್ಕಿದರು. "ಏನ್ರೀ ಮಾಡಿದ್ರಿ ಇದಕ್ಕೆ?" ತಂಪಕ್ಕ ಸ್ಕ್ರೂ ಬಿಚ್ಚಿ ಕೂಲರ್ ಎತ್ತಿದಳು. ಅರ್ಧ ತಳ ಚಿಪ್ಪಿಗೇ ಅಂಟಿಕೊಂಡು ಉಳಿಯಿತು. ಬೆರಳು ಮುಟ್ಟಿಸಿದರೆ, ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ಉದುರಿತು. ಬೂದು ಬಣ್ಣದ ಪುಡಿ. ತಾಮ್ರವೆಲ್ಲಿ ಬೂದಿಯಾಗುತ್ತದೆ?

ಆಕೆ ಕಪಾಟಿನಲ್ಲಿ ಉಳಿದಿದ್ದ ಹೊಸ ಕೂಲರು ತೆಗೆದು ಅರ ಹಿಡಿದು ಉಜ್ಜಿದಳು. ಎರಡು ಎಳೆತಕ್ಕೆ ಕೆಂಪು ಹೋಗಿ ಬೆಳ್ಳಗೆ ಕಂಡಿತು. ಇನ್ನೊಂದನ್ನು ಉಜ್ಜಿದಳು, ಮತ್ತೊಂದನ್ನು. ಎಲ್ಲವೂ ಅಲ್ಯೂಮಿನಿಯಂ; ಮೇಲೆ ಈರುಳ್ಳಿ ಸಿಪ್ಪೆಯಷ್ಟು ತಾಮ್ರ ಬಳಿದಿದ್ದರು. ಕೆಂಪಗಿರುವುದೆಲ್ಲ ತಾಮ್ರವಲ್ಲ ಎಂದು ಈಗ ಗೊತ್ತಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವಂತೆ.

ಇಂಜಿನಿಯರು ಬೈದು ಹೋದ ಮೇಲೆ ಮೈದುನ ಷಟರನ್ನು ಅರ್ಧ ಎಳೆದ.

"ಅತ್ತಿಗೆ, ಬಾಯಿ ಬಿಡಬೇಡಿ. ಬಂದವರಿಗೆ ಏನಾದ್ರೂ ಸಮಾಧಾನ ಹೇಳೋಣ. ಬರದೇ ಇರೋರನ್ನ ನಾವೇ ಕರೆದು ಹೇಳೋದಾ? ನಮ್ಮ ಕಾಲಿಗೆ ನಾವೇ ಕೊಡಲಿ ಹಾಕ್ಕೊಂಡ ಹಾಗೆ."

"ಬರದೇ ಇರೋರ ಕಾರ್ಡು ಇನ್ನೂ ಬದುಕಿದೆ ಕಣೋ. ಈಗ ಬಿಚ್ಚಿದ್ರೆ ಉಳಿಯತ್ತೆ. ನಾಳೆ ಅಂದ್ರೆ ಇಲ್ಲ."

"ಅಂಗಡಿ ಉಳಿಯಲ್ಲ."

"ಅಂಗಡಿ ಮನೆ ಹಾಳಾಗ್ಲಿ. ನಂಬರೆಲ್ಲ ನಿನ್ನ ಫೋನಲ್ಲಿದೆ. ಕೊಡು."

ಅವನು ಮುಖ ಸಿಂಡರಿಸಿಕೊಂಡು ಒಂದೊಂದೇ ನಂಬರು ಹೇಳಿದ. ತಂಪಕ್ಕ ಮೊದಲು ಕೇಳಿದ್ದೇ ಸ್ಟೇಷನ್ ಅಮ್ಮನದು. "ಅವರದ್ದಾ? ನಾನೇ ಮಾಡ್ತೀನಿ ಇರಿ" ಎಂದು ಕಿವಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. "ತೆಗೀತಾ ಇಲ್ಲ. ಆಮೇಲೆ ನೋಡೋಣ."

ಗಂಡ ಬ್ರೆಡ್ ಹಾಕಿ ಮುಗಿಸಿ ವ್ಯಾನ್ ತಂದ. ಖಾಲಿ ತಟ್ಟೆಗಳ ನಡುವೆ ಸ್ಕ್ರೂಡ್ರೈವರು, ಹತ್ತಿ, ಸ್ಪಿರಿಟ್ಟು, ಮಾಮೂಲಿ ಪೇಸ್ಟು ಇಟ್ಟುಕೊಂಡು ಆಕೆ ಊರು ಸುತ್ತಿದಳು. ಒಂದು ಮನೆಯಲ್ಲಿ "ದೇವರು ಬಂದ ಹಾಗೆ ಬಂದ್ರಿ" ಎಂದರೆ, ಇನ್ನೊಂದು ಮನೆಯಲ್ಲಿ "ಮೊದಲು ನೀವೇ ಕೆಡಿಸಿ ಆಮೇಲೆ ನೀವೇ ರಿಪೇರಿನಾ? ಚೆನ್ನಾಗಿದೆ ವ್ಯಾಪಾರ" ಎಂದು ಬಾಗಿಲು ಹಾಕಿದರು. ಸ್ಟುಡಿಯೋ ಒಂದರಲ್ಲಿ ಆಕೆ ಬಿಚ್ಚುತ್ತಿರುವಾಗಲೇ ತಳ ಕೈಯಲ್ಲಿ ಮುರಿದು, ಲೋಹದ ಹನಿಯೊಂದು ಹಲಗೆಯ ಮೇಲೆ ಪಾದರಸದಂತೆ ಉರುಳಿತು. ಹತ್ತಿಯಲ್ಲಿ ಹಿಡಿಯುವಷ್ಟರಲ್ಲಿ ಆಕೆಯ ರವಿಕೆಯ ಬೆನ್ನು ಬೆವರಿನಿಂದ ತೊಯ್ದುಹೋಯಿತು. ಆ ಕಾರ್ಡು ಉಳಿಯಿತು. ಆಕೆ ಹೊರಗೆ ಬಂದು ವ್ಯಾನಿನ ಮೆಟ್ಟಿಲ ಮೇಲೆ ಕುಳಿತಳು.

"ಒಂದು ತುಂಡು ಬ್ರೆಡ್ಡಾದ್ರೂ ತಿನ್ನೇ" ಎಂದ ಗಂಡ.

"ಬೇಡ ರೀ. ಆಯಮ್ಮನ ದನಿ ಅದರೊಳಗಿದೆ. ಅವರ ಕುತ್ತಿಗೆ ನಾನೇ ಹಿಸುಕಿದ ಹಾಗೆ ಅನ್ನಿಸ್ತಿದೆ."

ಮೈದುನನನ್ನು ಮತ್ತೆ ಕೇಳಿದರೆ ಮತ್ತದೇ ಉತ್ತರ: ತೆಗೀತಾ ಇಲ್ಲ. ಕೊನೆಗೆ ಆಕೆ ಫೋನಿನ ಹಂಗು ಬಿಟ್ಟು ಸ್ಟೇಷನ್ನಿಗೇ ಹೋದಳು. ಅಲ್ಲಿ ಈಗ ಯಾವುದೋ ಸಪ್ಪೆ ದನಿ ರೈಲುಗಳ ಹೆಸರು ಹೇಳುತ್ತಿತ್ತು. ಮುದಿ ಪೋರ್ಟರೊಬ್ಬ ಗಾಡಿಗೆ ಒರಗಿ ಕೂತಿದ್ದ. ವಿಚಾರಿಸಿದ್ದೇ ತಡ, "ನಮ್ಮ ಅಮ್ಮನಾ? ನೀರಿನ ಟ್ಯಾಂಕಿನ ಹಿಂದುಗಡೆ ಓಣಿ, ನೀಲಿ ಬಾಗಿಲು. ಯಾಕೆ, ಮೈಗೆ ಹುಷಾರಿಲ್ವಾ ಅವರಿಗೆ?" ಎಂದು ಎದ್ದೇ ನಿಂತ. ಆಕೆ ಆಗಲೇ ಟ್ಯಾಂಕಿನ ಕಡೆ ಹೊರಟಿದ್ದಳು.

ನೀಲಿ ಬಾಗಿಲು ತೆರೆದೇ ಇತ್ತು. ಒಳಗೆ ಎರಡು ಕುರ್ಚಿ, ನಡುವೆ ಮೇಜು, ಮೇಜಿನ ಕೆಳಗೆ ಆ ಕಂಪ್ಯೂಟರ್. ಅದರ ದೀಪ ಆರಿತ್ತು. ಸ್ಟೇಷನ್ ಅಮ್ಮ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದರು. ಎಲ್ಲ ಫೋನುಗಳಲ್ಲೂ ಇರುವ, ಯಾರದೂ ಅಲ್ಲದ ಒಂದು ಹೆಣ್ಣುದನಿ ಹೇಳಿತು: "ಬಾಗಿಲಲ್ಲಿ ಯಾರೋ ಬಂದಿದ್ದಾರೆ."

"ಹೌದಾ? ಕೂರೋಕೆ ಹೇಳಿ" ಎಂದರು ಯಜಮಾನರು. "ನೀವು ಮಾತ್ರೆ ತಗೊಂಡ್ರಾ?"

ತಂಪಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಂಗಡಿಯಲ್ಲಿ ಹೆಂಡತಿಗೆ ಏನೇ, ಬಾರೇ ಎನ್ನುತ್ತಿದ್ದ ಮನುಷ್ಯ. ಆ ಪರಕೀಯ ದನಿ ಕೇಳಿ ಕೇಳಿ, ಆಸ್ಪತ್ರೆಯ ನರ್ಸಿನ ಜೊತೆ ಮಾತಾಡುವಂತೆ ತಮಗೇ ತಿಳಿಯದೆ ಹೆಂಡತಿಯನ್ನು ಬಹುವಚನಕ್ಕೆ ಏರಿಸಿದ್ದರು. ಸ್ಟೇಷನ್ ಅಮ್ಮ ತಂಪಕ್ಕನ ಮುಖ ನೋಡಿದರು. ಕೇಳಿಸಿಕೊಂಡೆಯಾ ಎನ್ನುವಂತಿತ್ತು ಆ ನೋಟ. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿದರು.

"ನಾನು ಸರ್, ಕೂಲರ್ ಹಾಕಿದವಳು" ಎಂದಳು ತಂಪಕ್ಕ.

"ಬಂದ್ಯಾ ತಾಯಿ! ಮಷೀನು ಮೂಗು ಹಿಡಿದ ಹಾಗೆ ನಿಂತುಬಿಟ್ಟಿದೆ. ಇವಳ ಅಣ್ಣನ ಮಗ ಹೇಳಿದ, ಕೂಲರ್ ಕೂರಿಸಿದವರನ್ನೇ ಕೇಳಿ ಅಂತ. ಹತ್ತು ದಿನದಿಂದ ನಿಮ್ಮ ಅಂಗಡಿಗೆ ಎಷ್ಟು ಸಲ ಫೋನ್ ಮಾಡಿದ್ವಿ! ಅಕ್ಕ ಊರಲ್ಲಿಲ್ಲ, ಬಂದ್ಮೇಲೆ ಹೇಳ್ತೀನಿ ಅಂದ ನಿಮ್ಮ ಹುಡುಗ."

ಮೈದುನ ಈ ನಂಬರಿಗೆ ಕರೆಯನ್ನೇ ಮಾಡಿರಲಿಲ್ಲ. ಇಂಜಿನಿಯರ್ ಬಂದು ಇನ್ನೂ ಮೂರು ದಿನ; ಅದಕ್ಕೂ ಮುಂಚೆಯೇ ಅವನಿಗೆ ವಿಷಯ ಗೊತ್ತಿತ್ತು.

ನೆಲದ ಮೇಲೆ ಕುಳಿತು ಕಾರ್ಡು ಬಿಚ್ಚಿದಳು. ನೋಡುವ ಮೊದಲೇ ಮೂಗಿಗೆ ಸುಟ್ಟ ವಾಸನೆ ಹೊಡೆಯಿತು. ತಳ ಕರಗಿ ಬಿರಿದು, ಒಳಗಿನ ಲೋಹ ಹರಿದು ಚಿಪ್ಪಿನ ಸುತ್ತಲ ಸಾಸಿವೆ ಕಾಳಿನಂಥ ಭಾಗಗಳನ್ನೆಲ್ಲ ಸುಟ್ಟುಹಾಕಿತ್ತು. ಆದರೂ ಒರೆಸಿದಳು. ಉಸಿರು ನಿಂತ ಹೆಣಕ್ಕೆ ಔಷಧಿ ಕುಡಿಸಿದಂತೆ, ಹತ್ತಿಯ ಮೇಲೆ ಹತ್ತಿ ಬದಲಾಯಿಸುತ್ತ ಒರೆಸುತ್ತಲೇ ಹೋದಳು. ಸ್ಟೇಷನ್ ಅಮ್ಮ ಬಗ್ಗಿ ಆಕೆಯ ಮಣಿಕಟ್ಟು ಹಿಡಿದು ನಿಲ್ಲಿಸುವ ತನಕ.

"ನನ್ನದೇ ತಪ್ಪು" ಎಂದಳು ತಂಪಕ್ಕ. ತಾಮ್ರದ ಕಥೆ, ಉಜ್ಜದೆ ಬಿಟ್ಟ ಕಥೆ, ಎಲ್ಲ ಹೇಳಿದಳು. ಯಜಮಾನರು ಕೇಳಿದರು: "ಅವಳ ದನಿ? ಅದೂ ಸುಟ್ಟುಹೋಯ್ತಾ?"

"ಇಲ್ಲ ಸರ್. ದನಿ ಬೇರೆ ಡಿಸ್ಕಿನಲ್ಲಿದೆ, ಅದು ಕ್ಷೇಮ. ಹೊರಗೆ ತರೋಕೆ ಇನ್ನೊಂದು ಕಾರ್ಡು ಬೇಕು. ತರ್ತೀನಿ."

ಎಲ್ಲಿಂದ ತರುವುದು? ಅಂಥ ಕಾರ್ಡು ಆಕೆಯ ಪಾಲಿಗೆ ಒಂದೇ ಇತ್ತು. ಅಂಗಡಿಯ ಪರೀಕ್ಷಾ ಯಂತ್ರದಲ್ಲಿ ಕೂತಿದ್ದು, ತಂದೆ ತೀರಿಕೊಂಡ ಮೇಲೆ ಬಂದ ದುಡ್ಡಿನಲ್ಲಿ ಆಕೆಯೇ ಕೊಂಡದ್ದು. ಅದಿಲ್ಲದಿದ್ದರೆ ಅಂಗಡಿಯಲ್ಲಿ ಏನನ್ನೂ ಪರೀಕ್ಷಿಸುವಂತಿಲ್ಲ. ಆಕೆ ಮೆಟ್ಟಿಲು ಹತ್ತಿ ಹೋಗಿ ಅದನ್ನು ಕಳಚತೊಡಗಿದಳು.

"ಏನ್ಮಾಡ್ತಿದ್ದೀರಿ ಅತ್ತಿಗೆ? ಅದು ಅಂಗಡಿಯ ಜೀವ."

"ಅವರು ಫೋನ್ ಮಾಡಿದ್ರಾ ನಿಂಗೆ?"

ಅವನು ಬೀದಿಯ ಕಡೆ ನೋಡಿದ. "ಮಾಡಿದ್ರು. ಅಣ್ಣ ದಿನವೆಲ್ಲ ಸ್ಟೇರಿಂಗ್ ತಿರುಗಿಸ್ತಾನೆ, ನೀವು ಇಲ್ಲಿ ಬೆನ್ನು ಬಗ್ಗಿಸ್ತೀರಿ. ಎಲ್ಲ ಹೋಗಿಬಿಡತ್ತೆ ಅಂತ ಹೆದರಿಕೆ ಆಯ್ತು. ಇನ್ನೇನು ಹೇಳಲಿ?"

"ಮೂಕರು ನಂಬರ್ ಒತ್ತಿದ್ರು, ಕುರುಡರು ಮಾತಾಡಿದ್ರು. ನಿನ್ನ ಬಾಯಿಗೆ ಸುಳ್ಳು ಹೇಗಾದ್ರೂ ಬಂತೋ?"

"ಆ ಕಾರ್ಡು ಈ ಬಾಗಿಲು ದಾಟಿದ್ರೆ ನೀವೂ ವಾಪಸ್ ಬರಬೇಡಿ" ಎಂದ ಅವನು. ಕೋಪಕ್ಕಿಂತ ಅಳುವೇ ಹೆಚ್ಚಿತ್ತು ಅವನ ದನಿಯಲ್ಲಿ. ತಂಪಕ್ಕ ಅರ ಮತ್ತು ತನ್ನ ಸ್ಕ್ರೂಡ್ರೈವರುಗಳನ್ನು ಕೈಚೀಲಕ್ಕೆ ಹಾಕಿಕೊಂಡಳು, ಕಾರ್ಡನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿದಳು.

ಅದು ಹಳೆಯ ಕಾರ್ಡು. ಶಕ್ತಿ ಕಡಿಮೆ, ಕಾರ್ಖಾನೆಯ ಪುಟ್ಟ ಫ್ಯಾನುಗಳೇ ಅದಕ್ಕಿದ್ದವು. ನೀಲಿ ಬಾಗಿಲ ಮನೆಯಲ್ಲಿ ಅದನ್ನು ಕೂರಿಸಿ, ಅಣ್ಣನ ಮಗನನ್ನು ಫೋನಿನಲ್ಲಿ ಕೇಳಿ ಕೇಳಿ ಜೋಡಿಸಿದಳು. ಮೊದಲ ಸಲ ಪರದೆಯೇ ಬರಲಿಲ್ಲ. ಎರಡನೇ ಸಲ ಬಂತು, ದನಿ ಬರಲಿಲ್ಲ. ಸ್ಕ್ರೂ ಕೈಜಾರಿ ನೆಲಕ್ಕೆ ಬಿದ್ದರೆ, ಯಜಮಾನರೇ ಸದ್ದು ಬಂದ ಕಡೆ ತಡವಿ ಹುಡುಕಿಕೊಟ್ಟರು. ಮತ್ತೆ ಜೋಡಿಸಿದಳು. ಸ್ಟೇಷನ್ ಅಮ್ಮ ಎರಡೇ ಪದ ಒತ್ತಿ ಕಾದರು. ಫ್ಯಾನುಗಳು ಊಳಿಟ್ಟವು. ಇನ್ನು ಬರುವುದೇ ಇಲ್ಲ ಎನ್ನುವಷ್ಟು ಹೊತ್ತಾಯಿತು. ಆಮೇಲೆ ಆ ಗದ್ದಲದ ಅಡಿಯಿಂದ, ರೈಲು ಹೊರಡುವ ಮುಂಚೆ ಕೇಳಿಸುತ್ತಿದ್ದ ಅದೇ ದನಿ:

"ರೀ, ನಾನು."

ಯಜಮಾನರು ಕುರ್ಚಿಯಿಂದ ಎದ್ದರು. ಮೇಜಿಗೆ ಮೊಣಕಾಲು ತಗುಲಿದ್ದೂ ಅವರಿಗೆ ತಿಳಿಯಲಿಲ್ಲ. "ಎಲ್ಲಿಗೇ ಹೋಗಿದ್ದೆ?" ಎಂದರು. ಮತ್ತೆ ಅದನ್ನೇ, ಮಗುವಿನ ಹಾಗೆ: "ಎಲ್ಲಿಗೇ ಹೋಗಿದ್ದೆ ನೀನು?" ತಂಪಕ್ಕ ತನ್ನ ಸಾಮಾನು ಬಾಚಿಕೊಂಡು ಹೊರಗೆ ಬಂದು ವ್ಯಾನಿನ ಹಿಂದೆ ನಿಂತು ಅತ್ತಳು.

ಅಂಗಡಿಗೆ ಆಕೆ ಮತ್ತೆ ಹೋಗಲಿಲ್ಲ. ಮೈದುನ ಅಲ್ಲೀಗ ಮೊಬೈಲಿನ ಕವರು ಮಾರುತ್ತಾನೆ. ಅಣ್ಣತಮ್ಮಂದಿರು ಎದುರಾದರೆ ಒಬ್ಬರು ರಸ್ತೆ ದಾಟುತ್ತಾರೆ. ಕೆಲವು ಕಾರ್ಡುಗಳು ಸಿಗಲೇ ಇಲ್ಲ. ದಾರಿಹೋಕರಂತೆ ಬಂದು ಹಾಕಿಸಿಕೊಂಡು ಹೋದವರವು ಈಗ ಎಲ್ಲಿ ಯಾರ ಕೋಣೆಯಲ್ಲಿ ಪುಡಿಯಾದವೋ ದೇವರೇ ಬಲ್ಲ. ಹಳೆಯ ಕಟ್ಟಡದಲ್ಲಿ ಆಕೆಯ ಹೆಸರು ಬಂದರೆ "ಯಾರು, ಆ ಪುಡಿಯಕ್ಕನಾ?" ಎಂದು ನಗುತ್ತಾರಂತೆ. ಬೇಕರಿಯ ಧಣಿ ಹಿಂದಿನ ಕೋಣೆಯಲ್ಲಿ ಜಾಗ ಕೊಟ್ಟಿದ್ದಾರೆ; ಕೆಟ್ಟ ಫ್ರಿಜ್ಜುಗಳನ್ನು ರಿಪೇರಿ ಮಾಡುತ್ತ ಕೂರುತ್ತಾಳೆ.

ಆದರೆ ಒಂದು ಕೆಲಸ ಬಾಕಿ ಉಳಿದಿತ್ತು. ಆಕೆ ಹುಡುಕಿ ಹುಡುಕಿ ಒಂದು ಅಪ್ಪಟ ತಾಮ್ರದ ಕೂಲರು ತಂದಳು, ದೊಡ್ಡ ಫ್ಯಾನಿನದು. ಗಂಡನ ವ್ಯಾನಿನಲ್ಲಿ ನೀಲಿ ಬಾಗಿಲ ಮನೆಗೆ ಹೋಗಿ, ಸ್ಟೇಷನ್ ಅಮ್ಮನ ಕಣ್ಣೆದುರಿಗೇ ತಳವನ್ನು ಅರದಿಂದ ಆಳವಾಗಿ ಉಜ್ಜಿದಳು. ಎಷ್ಟು ಉಜ್ಜಿದರೂ ಕೆಂಪೇ. ಯಜಮಾನರ ಬೆರಳು ಹಿಡಿದು ಆ ತಗ್ಗಿನ ಮೇಲೆ ಇರಿಸಿದಳು.

"ಮಾಮೂಲಿ ಪೇಸ್ಟೇ ಹಾಕ್ತೀನಮ್ಮ. ಲಿಕ್ವಿಡ್ ಮೆಟಲ್ ಮುಟ್ಟಲ್ಲ. ಈ ಗಿರಣಿ ಸದ್ದು ನಿಂತುಹೋಗತ್ತೆ."

ಸ್ಟೇಷನ್ ಅಮ್ಮ ಆಕೆಯನ್ನೇ ನೋಡಿದರು. ನಿಧಾನವಾಗಿ ಕೀಲಿ ಒತ್ತಿದರು. ಯಂತ್ರ ಊಳಿಟ್ಟಿತು, ಎಲ್ಲರೂ ಕಾದರು.

"ಬೇಡ ಮಗಳೇ. ನಿನ್ನ ಮೇಲೆ ಕೋಪ ಇಲ್ಲ. ಇದನ್ನ ಬಿಚ್ಚೋದು ನೋಡೋಕೆ ನನಗೆ ಧೈರ್ಯ ಇಲ್ಲ."

"ಒಂದು ಗಳಿಗೆ ಸಾಕಮ್ಮ..."

ಅವರು ಮತ್ತೆ ಒತ್ತಲಿಲ್ಲ. ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದರು. ಯಜಮಾನರು ಹೆಂಡತಿಯ ಕುರ್ಚಿಯ ಕೈಯ ಮೇಲೆ ಕೈಯಿಟ್ಟುಕೊಂಡು, "ಅಭ್ಯಾಸ ಆಗಿದೆ ತಾಯಿ. ಕಿವಿ ಹತ್ತಿರ ಹಿಡಿದ್ರೆ ಕೇಳಿಸತ್ತೆ" ಎಂದರು.

ತಂಪಕ್ಕ ಕೂಲರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಓಣಿಯ ತನಕ ಫ್ಯಾನುಗಳ ಸದ್ದು ಬರುತ್ತಿತ್ತು. ವ್ಯಾನಿನಲ್ಲಿ ಗಂಡ ಕೇಳಿದ, "ಹಾಕಿಸ್ಕೊಂಡ್ರಾ?"

"ಇಲ್ಲ."

ಅವನು ಗಾಡಿ ಚಾಲೂ ಮಾಡಿದ. ಇನ್ನೂ ನಾಲ್ಕಾರು ಅಂಗಡಿಗೆ ಬ್ರೆಡ್ ಹಾಕುವುದಿತ್ತು.